ಹೂಡಿಕೆಯ ಸಲಹೆ: ಹೇಳುವವರ ಹೊಣೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರು ನಾಲ್ವರು ಕಲೆತ ಕಡೆಯಲ್ಲಿ ಮಾತು ಊರಿನ ಮಳೆಬೆಳೆಗಳಿಂದ ಆರಂಭವಾಗಿ ಮಕ್ಕಳ ವಿದ್ಯಾಭ್ಯಾಸ, ಮನೆಯ ಬಾಡಿಗೆಗಳನ್ನು ದಾಟಿ ಕೊನೆಗೆ ಉಳಿತಾಯದ ಹಣದ ಕಡೆಗೆ ಹೊರಳುವುದು ಸಾಮಾನ್ಯ. ಯಾವ ಷೇರು ಕೊಳ್ಳಬೇಕು, ಯಾವ ಮ್ಯೂಚುವಲ್ ಫಂಡು ಒಳ್ಳೆಯದು, ಬ್ಯಾಂಕಿನ ಠೇವಣಿಯನ್ನು ಬಿಡಿಸಬಹುದೇ ಎಂಬ ಪ್ರಶ್ನೆಗಳು ಏಳುತ್ತವೆ. ಉತ್ತರ ಕೊಡಲು ಒಬ್ಬರಲ್ಲ, ನಾಲ್ವರೂ ಸಿದ್ಧರಾಗಿರುತ್ತಾರೆ. ಹಣ ಹೂಡುವವರಿಗೆ ಎಚ್ಚರಿಕೆ ಹೇಳುವ ಪ್ರಕಟಣೆಗಳು ಈಗಾಗಲೇ ಸಾಕಷ್ಟು ಇವೆ. ಸಲಹೆ ಹೇಳುವವರು ಪಾಲಿಸಬೇಕಾದ ಎಚ್ಚರಿಕೆಯ ಬಗೆಗೆ ಬರೆದದ್ದು ಕಡಿಮೆ. ಈ ಪಾಠದ ವಿಷಯ ಅದು.

ಹಣದ ಸಲಹೆಗೆ ಒಂದು ವಿಶೇಷ ಲಕ್ಷಣವಿದೆ. ತಲೆನೋವಿಗೆ ಕಷಾಯ ಹೇಳಿದರೆ ಅದರ ಗುಣ ನಾಳೆಯೇ ತಿಳಿಯುತ್ತದೆ. ಹೂಡಿಕೆಯ ಸಲಹೆಯ ಫಲ ತಿಳಿಯಲು ಐದು ವರ್ಷ, ಹತ್ತು ವರ್ಷ ಬೇಕು. ಅಷ್ಟರಲ್ಲಿ ಹೇಳಿದವರು ಹೇಳಿದ್ದನ್ನು ಮರೆತಿರುತ್ತಾರೆ, ಕೇಳಿದವರು ಮರೆತಿರುವುದಿಲ್ಲ. ಮೇಲಾಗಿ, ತಪ್ಪು ಸಲಹೆಯೂ ಪೇಟೆ ಏರುತ್ತಿರುವಾಗ ಸರಿಯಾಗಿ ಕಾಣುತ್ತದೆ. ಸರಿಯಾದ ಸಲಹೆಯೂ ಪೇಟೆ ಇಳಿದಾಗ ತಪ್ಪಾಗಿ ಕಾಣುತ್ತದೆ. ಆದುದರಿಂದ ಈ ವಿಷಯದಲ್ಲಿ ವಿನಯವು ಕೇವಲ ಸೌಜನ್ಯವಲ್ಲ, ವಸ್ತುಸ್ಥಿತಿಯನ್ನು ಒಪ್ಪಿಕೊಳ್ಳುವ ರೀತಿ.

ಮನೆಬಾಗಿಲಿಗೆ ಬಂದ ಬ್ಯಾಂಕು

ಕನ್ನಡ ನಾಡಿಗೆ ಇದರಲ್ಲಿ ಒಂದು ಒಳ್ಳೆಯ ಪರಂಪರೆಯಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪ್ರತಿನಿಧಿಯು ಮನೆಬಾಗಿಲಲ್ಲಿ, ಅಂಗಡಿಯ ಗಲ್ಲೆಯಲ್ಲಿ ಪಡೆದು ಲೆಕ್ಕ ಬರೆದುಕೊಡುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನವೂ ಬಂದು ಹೋಗುವ ಪಿಗ್ಮಿ ಪ್ರತಿನಿಧಿಯ ನೆನಪು ಕರಾವಳಿಯಿಂದ ಹೊರಟು ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಅನೇಕ ಕುಟುಂಬಗಳಲ್ಲಿ ಇನ್ನೂ ಉಳಿದಿದೆ.

ಆ ಪ್ರತಿನಿಧಿಗೆ ಅರ್ಥಶಾಸ್ತ್ರ ತಿಳಿದಿರಬೇಕಾಗಿರಲಿಲ್ಲ. ಯಾವ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾವ ಅಂಗಡಿಯಲ್ಲಿ ಈ ತಿಂಗಳು ವ್ಯಾಪಾರ ಕುಗ್ಗಿದೆ ಎಂಬುದು ದಿನನಿತ್ಯದ ಭೇಟಿಯಿಂದ ಅವರಿಗೆ ತಿಳಿಯುತ್ತಿತ್ತು. ಹಣದ ಜ್ಞಾನಕ್ಕಿಂತ ಮೊದಲು ಮನೆಯ ಜ್ಞಾನ ಅವರಲ್ಲಿ ಬೆಳೆಯುತ್ತಿತ್ತು. ಇಂದು ಸಲಹೆ ನೀಡುವ ಬಹುಮಂದಿಯಲ್ಲಿ ಕಂಡುಬರುವ ಕೊರತೆ ಈ ಎರಡನೆಯದೇ.

ಎರಡು ಘಟನೆಗಳು

1992ರ ಆರಂಭದಲ್ಲಿ ಮುಂಬಯಿ ಷೇರು ಪೇಟೆಯ ಸೂಚ್ಯಂಕವು ಅತಿ ವೇಗವಾಗಿ ಏರಿ ಏಪ್ರಿಲ್ ತಿಂಗಳಲ್ಲಿ 4,400ನ್ನು ದಾಟಿತು. ಅದೇ ತಿಂಗಳು ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣವನ್ನು ಷೇರು ವ್ಯವಹಾರಕ್ಕೆ ತಿರುಗಿಸಿದ್ದ ಪ್ರಕರಣ ಹೊರಬಿತ್ತು. ಒಂದು ವರ್ಷದೊಳಗೆ ಸೂಚ್ಯಂಕ ಸುಮಾರು ಅರ್ಧಕ್ಕೆ ಕುಸಿಯಿತು. ಆ ಏರಿಕೆಯ ತಿಂಗಳುಗಳಲ್ಲಿ ಮೊದಲ ಬಾರಿಗೆ ಷೇರು ಕೊಂಡವರಲ್ಲಿ ಎಷ್ಟೋ ಮಂದಿ ಕಂಪನಿಯ ವಾರ್ಷಿಕ ವರದಿಯನ್ನು ನೋಡಿ ಕೊಂಡವರಲ್ಲ. ಕಚೇರಿಯ ಸಹೋದ್ಯೋಗಿ, ಲೋಕಲ್ ರೈಲಿನ ಸಹಪ್ರಯಾಣಿಕ, ಷಡ್ಡಕ, ಇವರ ಮಾತಿನಿಂದ ಕೊಂಡವರು. ಹೇಳಿದವರಲ್ಲಿ ಹೆಚ್ಚಿನವರು ಮೋಸಗಾರರಾಗಿರಲಿಲ್ಲ; ತಮಗೆ ಬಂದ ಲಾಭ ತಮ್ಮವರಿಗೂ ಬರಲೆಂದು ಬಯಸಿದವರೇ. ಸದ್ಭಾವನೆಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯ ಘಟನೆ ಇನ್ನೂ ಹೆಚ್ಚು ಚಿಂತನೆಗೆ ಅರ್ಹವಾದುದು. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಆರಂಭಿಸಿದ ಯು.ಎಸ್.-64 ಯೋಜನೆಯನ್ನು ಮಧ್ಯಮ ವರ್ಗದವರು ಬ್ಯಾಂಕ್ ಠೇವಣಿಯಷ್ಟೇ ಸುರಕ್ಷಿತವೆಂದು ಭಾವಿಸಿದ್ದರು. ನಿವೃತ್ತರಾಗುವವರಿಗೆ ಅದನ್ನು ಶಿಫಾರಸು ಮಾಡುವುದು ವಿವೇಕದ ಲಕ್ಷಣವೆಂದೇ ಪರಿಗಣಿತವಾಗಿತ್ತು. 2001ರ ಜುಲೈ 2ರಂದು ಸಂಸ್ಥೆಯು ಯೂನಿಟ್‌ಗಳ ಮಾರಾಟವನ್ನೂ ಮರುಖರೀದಿಯನ್ನೂ ಆರು ತಿಂಗಳ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿದಾಗ, ತಿಂಗಳ ಖರ್ಚಿಗೆ ಆ ಹಣವನ್ನೇ ನೆಚ್ಚಿದ್ದವರು ದಿಕ್ಕುಗಾಣದಾದರು. ಮುಂದೆ ಕೇಂದ್ರ ಸರಕಾರ ನೆರವಿಗೆ ಬಂದಿತು. 2002ರಲ್ಲಿ ಹಳೆಯ ಕಾಯ್ದೆ ರದ್ದಾಗಿ 2003ರಲ್ಲಿ ಸಂಸ್ಥೆಯು ಎರಡು ಭಾಗವಾಯಿತು. ಇಲ್ಲಿ ಗಮನಿಸಬೇಕಾದುದೆಂದರೆ, ಆ ಯೋಜನೆಯನ್ನು ಸೂಚಿಸಿದವರು ದುಡುಕಿನವರಲ್ಲ, ಅತ್ಯಂತ ಎಚ್ಚರದವರು. ಎಚ್ಚರದವರ ಲೆಕ್ಕವೂ ತಪ್ಪಬಹುದಾದುದರಿಂದಲೇ ಇಡೀ ಹಣವನ್ನು ಒಂದೇ ಕಡೆ ಇಡಿಸುವ ಸಲಹೆ, ಅದು ಎಷ್ಟೇ ಒಳ್ಳೆಯ ಕಡೆಯಾಗಿರಲಿ, ಕೊಡತಕ್ಕದ್ದಲ್ಲ.

ಕಾನೂನು ಹೇಳುವುದೇನು?

ಭಾರತೀಯ ಷೇರು ವಿನಿಮಯ ನಿಯಂತ್ರಣ ಮಂಡಳಿ, ಅಂದರೆ ಸೆಬಿ, 1988ರಲ್ಲಿ ಸ್ಥಾಪಿತವಾಗಿ 1992ರಲ್ಲಿ ಶಾಸನಬದ್ಧ ಅಧಿಕಾರವನ್ನು ಪಡೆಯಿತು. 2013ರಲ್ಲಿ ಅದು ಹೂಡಿಕೆ ಸಲಹೆಗಾರರ ನಿಯಮಗಳನ್ನು ಹೊರಡಿಸಿತು. ಇವುಗಳ ಪ್ರಕಾರ, ಪ್ರತಿಫಲ ಪಡೆದು ಹೂಡಿಕೆಯ ಸಲಹೆ ನೀಡುವವರು ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಸಲಹೆ ಕೊಡುವ ಮೊದಲು ಕೇಳುವವರ ವಯಸ್ಸು, ಆದಾಯ, ಸಾಲ, ಈಗಾಗಲೇ ಇರುವ ಹೂಡಿಕೆ, ಹಣದ ಉದ್ದೇಶ, ನಷ್ಟವನ್ನು ತಾಳುವ ಶಕ್ತಿ ಇವನ್ನು ವಿಚಾರಿಸಬೇಕು. ಸಲಹೆಯು ಆ ವ್ಯಕ್ತಿಗೆ ತಕ್ಕದ್ದಾಗಿರಬೇಕು. ತಮಗೆ ಬೇರೆ ಕಡೆಯಿಂದ ಲಾಭವಿದ್ದರೆ ಅದನ್ನು ಮುಚ್ಚಿಡದೆ ತಿಳಿಸಬೇಕು. ಕೊಟ್ಟ ಸಲಹೆಯ ದಾಖಲೆಯನ್ನು ಐದು ವರ್ಷ ಕಾಪಾಡಬೇಕು. 2024ರಲ್ಲಿ ಸೆಬಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೋಂದಣಿಯಿಲ್ಲದೆ ಸಲಹೆ ಕೊಡುವವರೊಡನೆ ಅಥವಾ ಇಷ್ಟು ಲಾಭ ಬರುತ್ತದೆಂದು ಸಾರುವವರೊಡನೆ ದಲ್ಲಾಳಿಗಳು, ಮ್ಯೂಚುವಲ್ ಫಂಡುಗಳು ಮೊದಲಾದ ತನ್ನ ಅಧೀನ ಸಂಸ್ಥೆಗಳು ಸಂಬಂಧವಿಟ್ಟುಕೊಳ್ಳದಂತೆ ನಿರ್ಬಂಧಿಸಿತು.

ಹಣ ಪಡೆಯದೆ ನೆಂಟರಿಗೆ, ನೆರೆಯವರಿಗೆ ನಾಲ್ಕು ಮಾತು ಹೇಳುವವರಿಗೆ ನೋಂದಣಿ ಬೇಕಾಗಿಲ್ಲ. ಆದರೆ ಶುಲ್ಕ ಪಡೆಯುವ ಅಪರಿಚಿತನಿಂದ ಕಾನೂನು ಬಯಸುವಷ್ಟು ಕಾಳಜಿಯನ್ನು ನಾವು ನಮ್ಮವರ ವಿಷಯದಲ್ಲಿ ತೋರದಿದ್ದರೆ ಅದು ವಿಚಿತ್ರವೇ ಸರಿ. ಮೇಲಿನ ನಿಯಮಗಳಲ್ಲಿ ಒಂದೂ ಸ್ನೇಹಿತನಿಗೆ ಅಸಾಧ್ಯವಾದುದಲ್ಲ.

ಒಂದೇ ಸಲಹೆ, ಎರಡು ಮನೆ

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಈಗಷ್ಟೇ ನಿವೃತ್ತರಾದ ಶಿಕ್ಷಕರು. ಕೈಗೆ ಬಂದ 20 ಲಕ್ಷ ರೂಪಾಯಿಯಿಂದ ತಿಂಗಳಿಗೆ 12,000 ರೂಪಾಯಿ, ಎಂದರೆ ವರ್ಷಕ್ಕೆ 1,44,000 ರೂಪಾಯಿ ತೆಗೆದು ಮನೆ ನಡೆಸಬೇಕು. ಇನ್ನೊಬ್ಬರು ಅವರ ನೆರೆಮನೆಯ ಮೂವತ್ತರ ತರುಣ. ತಿಂಗಳಿಗೆ 5,000 ರೂಪಾಯಿ ಉಳಿಸಬಲ್ಲವರು. ಇಬ್ಬರೂ ಒಂದೇ ಪ್ರಶ್ನೆ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ದೊರೆಯುತ್ತದೆ: "ಷೇರು ಆಧಾರಿತ ಫಂಡಿನಲ್ಲಿ ಹಾಕಿ, ದೀರ್ಘಕಾಲದಲ್ಲಿ ಒಳ್ಳೆಯದಾಗುತ್ತದೆ."

ಮೊದಲ ವರ್ಷವೇ ಪೇಟೆ ಶೇಕಡ 40ರಷ್ಟು ಇಳಿಯಿತೆನ್ನಿ. ಇಂತಹ ಇಳಿತ ಕಲ್ಪನೆಯ ಮಾತಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೂಚ್ಯಂಕ ಅದೇ ವರ್ಷದ ಅಕ್ಟೋಬರಿನಲ್ಲಿ 9,000ಕ್ಕೂ ಕೆಳಗಿತ್ತು. 2020ರ ಜನವರಿಯಲ್ಲಿ 42,000ದ ಮೇಲಿದ್ದುದು ಮಾರ್ಚ್ ತಿಂಗಳಲ್ಲಿ 26,000ಕ್ಕಿಂತ ಕೆಳಗಿಳಿಯಿತು. ಶಿಕ್ಷಕರು ವರ್ಷದ ಖರ್ಚನ್ನು ತೆಗೆದ ಮೇಲೆ ಉಳಿದ 18,56,000 ರೂಪಾಯಿ ಈ ಇಳಿತದಿಂದ ಸುಮಾರು 11,14,000ಕ್ಕೆ ಬರುತ್ತದೆ. ಮರುವರ್ಷದ ಖರ್ಚಿಗೆ ಅವರು ಇದರಲ್ಲಿ ಶೇಕಡ 13ರಷ್ಟನ್ನು ಬಿಡಿಸಲೇಬೇಕು, ಅದೂ ಅಗ್ಗದ ಬೆಲೆಗೆ. ಪೇಟೆ ಮುಂದೆ ಪೂರ್ತಿ ಚೇತರಿಸಿಕೊಂಡರೂ ಮಾರಿಹೋದ ಯೂನಿಟ್‌ಗಳು ಚೇತರಿಸಿಕೊಳ್ಳುವುದಿಲ್ಲ. ತರುಣನ ಸ್ಥಿತಿ ಬೇರೆ. 100 ರೂಪಾಯಿಯ ಯೂನಿಟ್ 60ಕ್ಕೆ ಇಳಿದಾಗ ಅವರ 5,000 ರೂಪಾಯಿಗೆ 50ರ ಬದಲು 83 ಯೂನಿಟ್ ಬರುತ್ತದೆ. ಒಬ್ಬರಿಗೆ ಆಪತ್ತಾದುದು ಇನ್ನೊಬ್ಬರಿಗೆ ಅನುಕೂಲವಾಯಿತು. ಸಲಹೆಯ ಮಾತಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಆದುದರಿಂದ ಉತ್ತರಕ್ಕೆ ಮುಂಚೆ ಪ್ರಶ್ನೆ ಬರಬೇಕು. ಈ ಹಣ ಯಾವಾಗ ಬೇಕು? ಇದರಲ್ಲಿ ಅರ್ಧ ಎರಡು ವರ್ಷ ಕಾಣದೆ ಹೋದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ? ಸಾಲವೇನಾದರೂ ಇದೆಯೇ? ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡ 3ರಂತೆ ಬಡ್ಡಿ ಬೆಳೆಯುತ್ತಿದ್ದರೆ ವರ್ಷಕ್ಕೆ ಅದು ಶೇಕಡ 42ನ್ನು ಮೀರುತ್ತದೆ. ಆ ಬಾಕಿಯನ್ನು ತೀರಿಸುವುದಕ್ಕಿಂತ ಲಾಭದಾಯಕ ಹೂಡಿಕೆಯನ್ನು ಯಾರೂ ತೋರಿಸಲಾರರು. ಸಾಲದ ಮಾತನ್ನು ಜನ ತಾವಾಗಿ ಎತ್ತುವುದಿಲ್ಲ. ನಾಲ್ವರ ಎದುರಿನಲ್ಲಿ ಕೇಳಿದರೆ ಇಲ್ಲವೆಂದೇ ಹೇಳುತ್ತಾರೆ. ಇಂತಹ ಪ್ರಶ್ನೆಯನ್ನು ಏಕಾಂತದಲ್ಲಿ, ಅವರು ಉತ್ತರಿಸದಿದ್ದರೂ ಮುಜುಗರವಾಗದ ರೀತಿಯಲ್ಲಿ ಕೇಳಬೇಕು.

ಮಾತಿನ ರೀತಿ ಹೇಗಿರಬಹುದೆಂಬುದಕ್ಕೆ ಒಂದು ಸಣ್ಣ ಸಂಭಾಷಣೆ:

"ಅಣ್ಣಾ, ನೀವು ಕೊಂಡ ಷೇರನ್ನೇ ನಾನೂ ಕೊಳ್ಳಲೇ?"

"ನಾನು ಕೊಂಡದ್ದು ನಿಜ, ಅಕ್ಕಾ. ಆದರೆ ನನಗೆ ಆ ಹಣ ಹತ್ತು ವರ್ಷ ಬೇಕಾಗಿಲ್ಲ, ಅದು ನನ್ನ ಉಳಿತಾಯದಲ್ಲಿ ಇಪ್ಪತ್ತರಲ್ಲಿ ಒಂದು ಭಾಗ. ನಿಮ್ಮ ಹಣ ಯಾವುದಕ್ಕೆಂದು ಇಟ್ಟದ್ದು?"

"ಮಗಳ ಕಾಲೇಜಿಗೆ. ಬರುವ ವರ್ಷ."

"ಹಾಗಾದರೆ ಅದು ಬ್ಯಾಂಕಿನಲ್ಲೇ ಇರಲಿ ಎಂದು ನನಗೆ ತೋರುತ್ತದೆ. ಷೇರಿನ ಮಾತನ್ನು ಆಮೇಲೆ ನಿಧಾನವಾಗಿ ಆಡೋಣ."

ಇಲ್ಲಿ ಉತ್ತರಿಸಿದವರು ತಮ್ಮ ಷೇರನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ತಮ್ಮ ಪಾಲು ಎಷ್ಟೆಂಬುದನ್ನು ಬಚ್ಚಿಡಲಿಲ್ಲ. ಬರುವ ವರ್ಷ ಬೇಕಾದ ಹಣಕ್ಕೆ ಬಡ್ಡಿಗಿಂತ ಭದ್ರತೆ ಮುಖ್ಯ. 2020ರ ಫೆಬ್ರವರಿ 4ರಿಂದ ಪ್ರತಿಯೊಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ ಎಂಬುದನ್ನೂ ಇಂತಹ ಸಂದರ್ಭದಲ್ಲಿ ತಿಳಿಸಬಹುದು. ಸಹಕಾರಿ ಬ್ಯಾಂಕುಗಳಲ್ಲಿ ಹಣವಿಟ್ಟವರಿಗೆ ಈ ಮಿತಿಯ ಅರಿವು ವಿಶೇಷವಾಗಿ ಬೇಕು. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ ಎಂಬುದು ಅನೇಕರಿಗೆ ತಿಳಿಯದು.

ಹತ್ತುಪಟ್ಟಿನ ಕಥೆ

"ಹನ್ನೆರಡು ವರ್ಷದ ಹಿಂದೆ ಹತ್ತು ಸಾವಿರ ಹಾಕಿದೆ, ಇಂದು ಒಂದು ಲಕ್ಷವಾಗಿದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲದಿರಬಹುದು. ಆದರೆ ಅದೇ ವರ್ಷ ಅವರು ಇನ್ನೂ ನಾಲ್ಕು ಕಂಪನಿಗಳಲ್ಲಿ ಹತ್ತು ಹತ್ತು ಸಾವಿರ ಹಾಕಿದ್ದು, ಪ್ರತಿಯೊಂದೂ ಎರಡೂವರೆ ಸಾವಿರಕ್ಕೆ ಇಳಿದಿದ್ದರೆ? ಒಟ್ಟು 50,000 ಈಗ 1,10,000 ಆಗಿದೆ. ಹನ್ನೆರಡು ವರ್ಷಕ್ಕೆ ಹರಡಿದರೆ ವರ್ಷಕ್ಕೆ ಶೇಕಡ 6.8ರಷ್ಟು; ಅಂಚೆ ಕಚೇರಿಯ ಠೇವಣಿಗೂ ಇದಕ್ಕೂ ಬಹಳ ಅಂತರವಿಲ್ಲ. ಹೇಳಿದ ಒಂದು ವಾಕ್ಯ ನಿಜ, ಹೇಳದೆ ಬಿಟ್ಟ ನಾಲ್ಕು ವಾಕ್ಯಗಳೂ ನಿಜ. ಕೇಳಿದವರು ಮಾತ್ರ ಹತ್ತುಪಟ್ಟಿನ ಆಸೆಯಿಂದ ಮನೆಗೆ ಹೋಗುತ್ತಾರೆ. ಗೆಲುವನ್ನು ಹೇಳುವವರು ಅದರ ಪಕ್ಕದ ಸೋಲನ್ನೂ ಹೇಳುವುದು ಪ್ರಾಮಾಣಿಕತೆಯ ಕನಿಷ್ಠ ಮಟ್ಟ.

ಕಮಿಷನ್ನಿನ ಮಾತೂ ಹೀಗೆಯೇ. ವಿಮೆ ಅಥವಾ ಫಂಡಿನ ಪ್ರತಿನಿಧಿಯಾಗಿರುವ ನೆಂಟರು ಸಲಹೆ ಹೇಳಬಾರದೆಂದಿಲ್ಲ. "ಇದರಲ್ಲಿ ನನಗೂ ಕಮಿಷನ್ ಉಂಟು" ಎಂದು ಮೊದಲೇ ಹೇಳಿದರೆ ಸಾಕು. 2013ರ ಜನವರಿಯಿಂದ ಪ್ರತಿಯೊಂದು ಮ್ಯೂಚುವಲ್ ಫಂಡಿನಲ್ಲೂ ಪ್ರತಿನಿಧಿಯ ಕಮಿಷನ್ ಇಲ್ಲದ ನೇರ ಯೋಜನೆ ಇದೆ ಎಂಬುದನ್ನು ತಿಳಿಸಿಯೂ ಯಾರಾದರೂ ನಿಮ್ಮ ಮೂಲಕವೇ ಹೂಡಿದರೆ, ಅದು ನಿಮ್ಮ ಸೇವೆಗೆ ಅವರು ಅರಿತು ಕೊಟ್ಟ ಬೆಲೆ.

ನಷ್ಟ ಹೊಂದಿದವರೊಡನೆ

ಸಹಾನುಭೂತಿಯ ನಿಜವಾದ ಪರೀಕ್ಷೆ ಇಲ್ಲಿದೆ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡ 93ರಷ್ಟು ಮಂದಿ ನಷ್ಟ ಹೊಂದಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಈ ಅಂಕಿಅಂಶವನ್ನು ವ್ಯವಹಾರಕ್ಕೆ ಇಳಿಯಹೊರಟ ತರುಣನಿಗೆ ಹೇಳಬೇಕು. ಈಗಾಗಲೇ ಕಳೆದುಕೊಂಡು ನಿದ್ದೆಗೆಟ್ಟು ಕುಳಿತವನ ಮುಂದೆ ಇದನ್ನೇ ಓದಿದರೆ ಅದು ಗಾಯಕ್ಕೆ ಉಪ್ಪು ಸವರಿದಂತೆ.

"ನಾನು ಅಂದೇ ಹೇಳಿದ್ದೆ" ಎಂಬ ಮಾತಿನಿಂದ ಇದುವರೆಗೆ ಯಾರ ಹಣವೂ ಹಿಂದಿರುಗಿಲ್ಲ. ಅದರಿಂದಾಗುವ ಕೇಡು ಮಾತ್ರ ದೊಡ್ಡದು. ಬೈಗುಳಕ್ಕೆ ಹೆದರಿದವನು ಮುಂದಿನ ನಷ್ಟವನ್ನು ಮುಚ್ಚಿಡುತ್ತಾನೆ. ಹೋದದ್ದನ್ನು ಮರಳಿ ಪಡೆಯಲು ಹೆಂಡತಿಯ ಒಡವೆ ಅಡವಿಡುತ್ತಾನೆ. 100 ರೂಪಾಯಿ 50ಕ್ಕೆ ಇಳಿದಾಗ ಆದುದು ಶೇಕಡ 50ರ ನಷ್ಟ. ಮೊದಲಿನ ಸ್ಥಿತಿಗೆ ಬರಲು ಶೇಕಡ 100ರ ಲಾಭ ಬೇಕು. ಈ ಸರಳ ಗಣಿತ ಅವನಿಗೆ ತಿಳಿಯದ್ದಲ್ಲ. ನಾಚಿಕೆಯು ಗಣಿತವನ್ನು ಮರೆಸುತ್ತದೆ. ಅಂಥವರೊಡನೆ ಮೊದಲು ಮಾಡಬೇಕಾದ ಕೆಲಸ ಕುಳಿತು ಕೇಳುವುದು. ಆಮೇಲೆ ಒಂದು ಹಾಳೆಯಲ್ಲಿ ಉಳಿದದ್ದೆಷ್ಟು, ಸಾಲವೆಷ್ಟು, ತಿಂಗಳ ಖರ್ಚೆಷ್ಟು ಎಂದು ಬರೆಯಲು ನೆರವಾಗುವುದು. ಹೊಸ ಹೂಡಿಕೆಯ ಮಾತನ್ನು ಆ ದಿನ ಎತ್ತಲೇಬಾರದು.

ವಂಚನೆಗೆ ಸಿಕ್ಕವರ ವಿಷಯದಲ್ಲಿ ಸಮಯಕ್ಕೆ ಬೆಲೆ ಹೆಚ್ಚು. ಅಪರಿಚಿತರು ಮೊಬೈಲಿನ ಮೂಲಕ ಷೇರಿನ ಆಮಿಷ ತೋರಿಸಿ ಹಣ ಸೆಳೆದಿದ್ದರೆ, ತಪ್ಪು ಯಾರದೆಂಬ ಚರ್ಚೆಯನ್ನು ಬದಿಗಿಟ್ಟು ಕೂಡಲೇ 1930 ಸಂಖ್ಯೆಗೆ ದೂರು ಕೊಡಿಸಬೇಕು. ಹಣ ಖಾತೆಯಿಂದ ಖಾತೆಗೆ ಸಾಗಿಹೋಗುವ ಮೊದಲು ತಡೆಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ನೋಂದಾಯಿತ ದಲ್ಲಾಳಿ ಅಥವಾ ಕಂಪನಿಯ ಮೇಲಿನ ದೂರಾದರೆ 2011ರಿಂದ ಸೆಬಿ ನಡೆಸುತ್ತಿರುವ ಸ್ಕೋರ್ಸ್ ವ್ಯವಸ್ಥೆಯಿದೆ. ವಿಮೆಯ ಪಾಲಿಸಿಯನ್ನು ತಿಳಿಯದೆ ಕೊಂಡವರು, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಕಳೆದುಹೋದ ಹಣವನ್ನು ತರಿಸಿಕೊಡುವೆನೆಂದು ಮುಂಗಡ ಕೇಳುವವರು ಬಂದರೆ ಅವರು ಎರಡನೆಯ ಸಾಲಿನ ವಂಚಕರೆಂದೇ ತಿಳಿಯಬೇಕು.

ಸಾವಿನ ಮನೆಯಲ್ಲಿ

ಮನೆಯ ಹಣಕಾಸನ್ನು ನೋಡಿಕೊಳ್ಳುತ್ತಿದ್ದವರು ತೀರಿಕೊಂಡ ಮೇಲೆ ಉಳಿದವರಿಗೆ ಸಲಹೆಗಳ ಸುರಿಮಳೆಯಾಗುತ್ತದೆ. ಹದಿಮೂರನೆಯ ದಿನ ಕಳೆಯುವ ಮೊದಲೇ ವಿಮೆಯ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಹೇಳುವ ಬಂಧುಗಳಿದ್ದಾರೆ. ವಾಸ್ತವವಾಗಿ ಆ ತಿಂಗಳುಗಳಲ್ಲಿ ಹಣವನ್ನು ಉಳಿತಾಯ ಖಾತೆಯಲ್ಲೋ ಅಲ್ಪಾವಧಿಯ ಠೇವಣಿಯಲ್ಲೋ ಬಿಡುವುದರಿಂದ ಹೇಳಿಕೊಳ್ಳುವಂತಹ ನಷ್ಟವಿಲ್ಲ. ಆಕೆಗೆ ಬೇಕಾದುದು ಹೂಡಿಕೆಯ ಅಭಿಪ್ರಾಯವಲ್ಲ. ಮರಣ ಪ್ರಮಾಣಪತ್ರದ ಹಲವು ಪ್ರತಿಗಳು, ಬ್ಯಾಂಕಿಗೆ ಜೊತೆಯಲ್ಲಿ ಬರುವ ಒಬ್ಬರು, ಅರ್ಜಿ ತುಂಬಿಕೊಡುವ ಒಂದು ಕೈ, ಇಷ್ಟು.

ಈ ಸಂದರ್ಭದಲ್ಲಿ ಕೆಲವು ವಿಷಯಗಳು ತಿಳಿದಿದ್ದರೆ ಉಪಯೋಗ. ನಾಮನಿರ್ದೇಶಿತರ ಹೆಸರಿಗೆ ಷೇರು ವರ್ಗವಾದ ಮಾತ್ರಕ್ಕೆ ಅವರೇ ಪೂರ್ಣ ಒಡೆಯರಾಗುವುದಿಲ್ಲ. ವಾರಸುದಾರರ ಹಕ್ಕು ಉಳಿದಿರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ "ನಾಮಿನಿ ನೀವೇ, ಇನ್ನೇನು ಚಿಂತೆ?" ಎಂದು ಸಮಾಧಾನ ಹೇಳುವುದು ಕುಟುಂಬದೊಳಗೆ ವಿವಾದಕ್ಕೆ ಬೀಜ ಬಿತ್ತಿದಂತಾದೀತು. ಬೀರುವಿನಲ್ಲಿ ಹಳೆಯ ಕಾಗದದ ಷೇರು ಪತ್ರಗಳು ಸಿಕ್ಕರೆ ಹರಿದೆಸೆಯಬಾರದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರವಿಲ್ಲದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ಹೋಗಿರುತ್ತದೆಯಾದರೂ ಹಕ್ಕುದಾರರು ಅದನ್ನು ತಮ್ಮ ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು. ಅಂತಹ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಸೌಲಭ್ಯವನ್ನು ಆರಂಭಿಸಿದೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದೆ ಉಳಿದ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗವಾಗುತ್ತವೆ. ಅವನ್ನು ಮರಳಿ ಪಡೆಯಲು ಐ.ಇ.ಪಿ.ಎಫ್.-5 ಎಂಬ ಅರ್ಜಿ ಸಲ್ಲಿಸಬೇಕು. ಮೊದಲು ಕಂಪನಿಗೆ ಪತ್ರ ಬರೆದು ದಾಖಲೆಗಳನ್ನು ಹೊಂದಿಸಿಕೊಳ್ಳಬೇಕಾದುದರಿಂದ ತಿಂಗಳುಗಳೇ ಹಿಡಿಯಬಹುದು. ಬಂದ ಹಣದಲ್ಲಿ ಪಾಲು ಕೇಳುವ ಮಧ್ಯವರ್ತಿಗಳು ಈ ಕೆಲಸಕ್ಕೆ ಮುಂದೆ ಬರುತ್ತಾರೆ. ಅರ್ಜಿಗೆ ಸರಕಾರ ವಿಧಿಸಿರುವ ಶುಲ್ಕ ಏನೂ ಇಲ್ಲ.